ಬೆದರಿಕೆಯ ದಿನಗಳಲ್ಲಿ ಜಗತ್ತು ಆಡಿದ ಮಾತು: ವಿಶ್ವಸಂಸ್ಥೆಯ ವೆಬ್ ಟಿವಿ ಮತ್ತು ಡಿಜಿಟಲ್ ಗ್ರಂಥಾಲಯ ಸೇವೆಯ ವಿಮರ್ಶೆ

ಬಲಾಢ್ಯ ದೇಶವೊಂದು ತನಗಿಂತ ಚಿಕ್ಕದಾದ ನೆರೆಯ ದೇಶದ ಗಡಿಯಲ್ಲಿ ಸೇನೆಯನ್ನು ತಂದು ನಿಲ್ಲಿಸಿದಾಗ, ಉಳಿದ ದೇಶಗಳು ಏನು ಹೇಳಿದವು ಎಂಬುದರ ಬಗ್ಗೆ ಸುದ್ದಿಯಲ್ಲಿ ನಮಗೆ ದೊರೆಯುವುದು ಹೆಚ್ಚಾಗಿ ಒಂದೇ ವಾಕ್ಯ: ‘ಅಂತರರಾಷ್ಟ್ರೀಯ ಸಮುದಾಯ ಕಳವಳ ವ್ಯಕ್ತಪಡಿಸಿದೆ.’ ಯಾವ ದೇಶ, ಯಾವ ದಿನ, ಯಾವ ಪದದಲ್ಲಿ, ಯಾರ ಹೆಸರನ್ನು ಎತ್ತಿ ಅಥವಾ ಯಾರ ಹೆಸರನ್ನು ಎತ್ತದೆ ಕಳವಳಪಟ್ಟಿತು ಎಂಬುದು ಆ ವಾಕ್ಯದೊಳಗೆ ಕರಗಿಹೋಗುತ್ತದೆ. ಅದನ್ನು ಬಿಡಿಸಿ ನೋಡಬೇಕೆಂಬ ಆಸೆಯಿಂದಲೇ ವಿಶ್ವಸಂಸ್ಥೆ ಸಾರ್ವಜನಿಕರಿಗೆ ಉಚಿತವಾಗಿ ಒದಗಿಸುವ ಎರಡು ಸೇವೆಗಳನ್ನು ನಾನು ಬಳಸತೊಡಗಿದೆ. ಮೊದಲನೆಯದು ಸಭೆಗಳನ್ನು ನೇರವಾಗಿಯೂ ಆಮೇಲೆ ಬೇಕೆಂದಾಗಲೂ ತೋರಿಸುವ ವೆಬ್ ಟಿವಿ. ಎರಡನೆಯದು ವಿಶ್ವಸಂಸ್ಥೆಯ ಹಿಂದಿನ ಮಹಾ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಹೆಸರಿನ ಗ್ರಂಥಾಲಯವು ನಿರ್ವಹಿಸುವ, ನಡಾವಳಿ (ಸಭೆಯಲ್ಲಿ ಆಡಿದ ಮಾತುಗಳ ಲಿಖಿತ ದಾಖಲೆ), ನಿರ್ಣಯ, ಪತ್ರ ಮತ್ತು ಮತದಾನದ ವಿವರಗಳನ್ನೆಲ್ಲ ಒಂದೆಡೆ ಇಟ್ಟಿರುವ ಡಿಜಿಟಲ್ ಗ್ರಂಥಾಲಯ. ಇವೆರಡನ್ನೂ ಜೊತೆಯಾಗಿ ಬಳಸಿದಾಗ ಮಾತ್ರ ಇವುಗಳ ನಿಜವಾದ ಬೆಲೆ ತಿಳಿಯುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಎರಡನ್ನೂ ಒಂದೇ ಸೇವೆಯೆಂದು ಭಾವಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇಂಥ ದಾಖಲೆಗೆ ಏಕೆ ಇಷ್ಟು ಮಹತ್ವ ಎಂಬುದನ್ನು ಮೊದಲು ಹೇಳಬೇಕು. ವಿಶ್ವಸಂಸ್ಥೆಯ ಸನ್ನದಿನ, ಅಂದರೆ ಅದರ ಸ್ಥಾಪನಾ ಒಪ್ಪಂದದ, 2ನೇ ವಿಧಿಯ 4ನೇ ಉಪವಿಧಿಯು ಬಲಪ್ರಯೋಗವನ್ನಷ್ಟೇ ಅಲ್ಲ, ಬಲಪ್ರಯೋಗದ ಬೆದರಿಕೆಯನ್ನೂ ನಿಷೇಧಿಸುತ್ತದೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಬೆದರಿಕೆಯೂ ತಪ್ಪೇ. ಆದರೆ ನಿರ್ಣಯಗಳು ಬರುವುದು ಬಹುಮಟ್ಟಿಗೆ ದಾಳಿ ನಡೆದ ಮೇಲೆಯೇ. 1990ರ ಜುಲೈನಲ್ಲಿ ಇರಾಕ್ ಕುವೈತನ್ನು ಬಹಿರಂಗವಾಗಿ ಬೆದರಿಸಿತು. ಭದ್ರತಾ ಮಂಡಳಿಯ 660ನೇ ನಿರ್ಣಯ ಹೊರಬಿದ್ದದ್ದು ಸೇನೆ ಒಳನುಗ್ಗಿದ ಆಗಸ್ಟ್ 2ರಂದು. ಬೆದರಿಕೆಯ ಅವಧಿಯಲ್ಲಿ ಜಗತ್ತಿನ ಬಳಿ ಇರುವುದು ಮಾತು ಮಾತ್ರ. ಆ ಮಾತನ್ನು ಕೇಳದೆ, ದಾಳಿಯ ನಂತರದ ಮತಗಳನ್ನಷ್ಟೇ ಎಣಿಸಿದವರಿಗೆ ಅರ್ಧ ಕಥೆ ಮಾತ್ರ ತಿಳಿದಿರುತ್ತದೆ.

ಈ ಸೇವೆಯ ಶಕ್ತಿಯನ್ನು ಅಳೆಯಲು ನಾನು ಆರಿಸಿಕೊಂಡದ್ದು 2022ರ ಜನವರಿ 31ರಿಂದ ಮಾರ್ಚ್ 2ರವರೆಗಿನ ಅವಧಿ. ಅಂದರೆ ರಷ್ಯಾ ಉಕ್ರೇನಿನ ಗಡಿಯಲ್ಲಿ ಸೇನೆ ನಿಲ್ಲಿಸಿದ್ದಾಗಿನಿಂದ, ದಾಳಿ ನಡೆದು, ಎಲ್ಲ ಸದಸ್ಯ ದೇಶಗಳಿರುವ ಮಹಾಸಭೆ ಮತ ಹಾಕಿದವರೆಗಿನ ಒಂದು ತಿಂಗಳು. ಭದ್ರತಾ ಮಂಡಳಿಯ ಜನವರಿ 31ರ ಸಭೆಯ ಮೊದಲ ನಿಮಿಷಗಳೇ ಕುತೂಹಲಕರವಾಗಿವೆ. ಅಮೆರಿಕ ಕೋರಿದ್ದ ಆ ಸಭೆಯನ್ನು ನಡೆಸಲೇಬಾರದು ಎಂದು ರಷ್ಯಾ ಆಕ್ಷೇಪಿಸಿತು. ಸಭೆ ನಡೆಯಬೇಕೆ ಬೇಡವೇ ಎಂಬುದು ಕಾರ್ಯವಿಧಾನದ ಪ್ರಶ್ನೆಯಾದ್ದರಿಂದ ಅಲ್ಲಿ ವಿಟೊ (ಐದು ಕಾಯಂ ಸದಸ್ಯ ದೇಶಗಳಲ್ಲಿ ಒಂದೇ ದೇಶ ನಿರ್ಣಯವನ್ನು ತಡೆಯಬಲ್ಲ ಅಧಿಕಾರ) ನಡೆಯುವುದಿಲ್ಲ. 15 ಸದಸ್ಯರಲ್ಲಿ 9 ಮಂದಿ ಒಪ್ಪಿದರೆ ಸಾಕು. 10 ದೇಶಗಳು ಸಭೆ ನಡೆಯಲಿ ಎಂದವು. ರಷ್ಯಾ ಮತ್ತು ಚೀನಾ ಬೇಡವೆಂದವು. ಭಾರತ, ಕೀನ್ಯಾ ಮತ್ತು ಗಬಾನ್ ಯಾವ ಕಡೆಗೂ ಕೈ ಎತ್ತಲಿಲ್ಲ. ಗಡಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರಿದ್ದಾರೆ ಎಂದು ಅಮೆರಿಕದ ರಾಯಭಾರಿ ಹೇಳಿದರೆ, ದಾಳಿಯ ಯೋಜನೆಯೇ ಇಲ್ಲ, ಪಶ್ಚಿಮದ ದೇಶಗಳೇ ಉನ್ಮಾದ ಎಬ್ಬಿಸುತ್ತಿವೆ ಎಂದು ರಷ್ಯಾದ ರಾಯಭಾರಿ ವಾಸಿಲಿ ನೆಬೆಂಜ್ಯಾ ಹೇಳಿದರು. ಮೂರೂವರೆ ವಾರಗಳ ನಂತರ ಏನಾಯಿತೆಂದು ತಿಳಿದವರು ಇಂದು ಆ ಧ್ವನಿಮುದ್ರಣವನ್ನು ಕೇಳುವಾಗ, ಒಂದೊಂದು ನಿರಾಕರಣೆಯೂ ದಿನಾಂಕದೊಂದಿಗೆ ದಾಖಲಾಗಿ ಉಳಿದಿರುವುದರ ಅರ್ಥ ಮನದಟ್ಟಾಗುತ್ತದೆ.

ಡಿಜಿಟಲ್ ಗ್ರಂಥಾಲಯದ ಮತಪಟ್ಟಿಯನ್ನು ಮಾತ್ರ ನೋಡುವವರಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಜನವರಿ 31ರ ಪಟ್ಟಿಯನ್ನು ಕಂಡವರು ಕೀನ್ಯಾವನ್ನು ಅಂತರ ಕಾಯ್ದುಕೊಂಡ ದೇಶಗಳ ಸಾಲಿಗೆ ಸೇರಿಸಿಬಿಡುತ್ತಾರೆ. ಆದರೆ ಪೂರ್ವ ಉಕ್ರೇನಿನ ಡೊನೆಟ್ಸ್ಕ್ ಮತ್ತು ಲುಹಾನ್ಸ್ಕ್ ಪ್ರದೇಶಗಳನ್ನು ಸ್ವತಂತ್ರವೆಂದು ರಷ್ಯಾ ಮಾನ್ಯ ಮಾಡಿದ ಫೆಬ್ರವರಿ 21ರ ರಾತ್ರಿ ಸೇರಿದ ತುರ್ತು ಸಭೆಯಲ್ಲಿ, ಕೀನ್ಯಾದ ರಾಯಭಾರಿ ಮಾರ್ಟಿನ್ ಕಿಮಾನಿ ಆಡಿದ ಮಾತು ಆ ತಿಂಗಳ ಮಾತುಗಳಲ್ಲೆಲ್ಲ ಅತ್ಯಂತ ಸ್ಪಷ್ಟವಾದದ್ದು. ಆಫ್ರಿಕಾದ ಗಡಿಗಳನ್ನು ಎಳೆದವರು ಆಫ್ರಿಕನ್ನರಲ್ಲ. ದೂರದ ಲಂಡನ್, ಪ್ಯಾರಿಸ್, ಲಿಸ್ಬನ್‌ಗಳಲ್ಲಿ ಕುಳಿತ ವಸಾಹತುಶಾಹಿ ದೊರೆಗಳು. ಒಂದೇ ಭಾಷೆ, ಒಂದೇ ಕುಲದ ಜನ ಆ ಗಡಿಗಳ ಎರಡೂ ಬದಿಯಲ್ಲಿ ಇಂದಿಗೂ ಬದುಕುತ್ತಿದ್ದಾರೆ. ಆದರೂ ರಕ್ತಸಂಬಂಧದ ಹೆಸರಿನಲ್ಲಿ ಗಡಿಗಳನ್ನು ತಿದ್ದಲು ಹೊರಟರೆ ಯುದ್ಧಕ್ಕೆ ಕೊನೆಯಿಲ್ಲವೆಂದು ತಿಳಿದು ಆಫ್ರಿಕಾದ ದೇಶಗಳು ಇದ್ದ ಗಡಿಗಳನ್ನೇ ಒಪ್ಪಿಕೊಂಡವು. ಇದು ಅವರ ವಾದದ ತಿರುಳು. ಒಂದು ಚಿಕ್ಕ ದೇಶದ ಪರವಾಗಿ ಇನ್ನೊಂದು ಖಂಡದ ದೇಶವೊಂದು ತನ್ನ ಇತಿಹಾಸದ ನೋವನ್ನೇ ಸಾಕ್ಷಿಯಾಗಿ ತಂದಿಟ್ಟ ಆ ನಿಮಿಷಗಳನ್ನು ನಾನು ಹಲವು ಸಲ ನೋಡಿದ್ದೇನೆ. ಮೂರು ವಾರಗಳ ಹಿಂದೆ ಸಭೆ ನಡೆಯಬೇಕೆಂಬುದಕ್ಕೂ ಕೈ ಎತ್ತದ ದೇಶ ಇದೇ ಎಂಬುದು ಗೊತ್ತಿದ್ದರೆ ಆ ಮಾತಿನ ತೂಕ ಇನ್ನೂ ಹೆಚ್ಚುತ್ತದೆ.

ಭಾರತದ ವಿಷಯದಲ್ಲಿಯೂ ಪಟ್ಟಿ ಹೇಳುವುದು ಸ್ವಲ್ಪವೇ. ದಾಳಿ ಆರಂಭವಾದ ಮರುದಿನ, ಫೆಬ್ರವರಿ 25ರಂದು, ಅದರ ವಿರುದ್ಧ ಮಂಡಳಿಯ ಮುಂದೆ ಬಂದ ಕರಡು ನಿರ್ಣಯಕ್ಕೆ 11 ದೇಶಗಳು ಪರವಾಗಿ ಮತ ಹಾಕಿದವು, ರಷ್ಯಾ ವಿಟೊ ಚಲಾಯಿಸಿತು, ಭಾರತ, ಚೀನಾ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ದೂರ ಉಳಿದವು. ಪಟ್ಟಿಯಲ್ಲಿ ಭಾರತ ಮತ್ತು ಚೀನಾಗಳ ಮುಂದೆ ಇರುವುದು ಒಂದೇ ಗುರುತು. ಆದರೆ ಮತದ ಬಳಿಕ ಭಾರತದ ಪ್ರತಿನಿಧಿ ನೀಡಿದ ವಿವರಣೆಯನ್ನು ನಡಾವಳಿಯಲ್ಲಿ ಓದಿದರೆ, ಸಾರ್ವಭೌಮತೆ ಮತ್ತು ಭೌಗೋಳಿಕ ಅಖಂಡತೆಯನ್ನು ಗೌರವಿಸಬೇಕೆಂಬ ಮಾತೂ, ರಾಜತಾಂತ್ರಿಕ ಮಾರ್ಗವನ್ನು ಕೈಬಿಟ್ಟದ್ದಕ್ಕೆ ವಿಷಾದವೂ ಅಲ್ಲಿವೆ. ರಷ್ಯಾದ ಹೆಸರು ಹಿಡಿದು ಖಂಡಿಸುವ ಮಾತು ಇಲ್ಲ. ಅದಕ್ಕೂ ಮೊದಲು ಫೆಬ್ರವರಿ 21ರ ಸಭೆಯಲ್ಲಿ ಉಕ್ರೇನಿನಲ್ಲಿರುವ 20 ಸಾವಿರಕ್ಕೂ ಹೆಚ್ಚು ಭಾರತೀಯರ ಸುರಕ್ಷತೆಯನ್ನು ಭಾರತ ಪ್ರಸ್ತಾಪಿಸಿತ್ತು. ಈ ನಿಲುವನ್ನು ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಎಲ್ಲ ದೇಶಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬೇಕೆಂದು ಬಯಸುವ ನನಗೆ ಅದು ಸಾಲದು ಎನ್ನಿಸಿತು. ಆದರೆ ಒಪ್ಪಲಿಕ್ಕಾಗಲಿ ಬಿಡಲಿಕ್ಕಾಗಲಿ ಬೇಕಾದ ಮೂಲ ಪಠ್ಯ ಕೈಗೆ ಸಿಗುತ್ತದೆ ಎಂಬುದೇ ಈ ಸೇವೆಯ ಹೆಚ್ಚುಗಾರಿಕೆ.

ಇನ್ನು ಫೆಬ್ರವರಿ 23ರ ರಾತ್ರಿಯ ಸಭೆ. ವೆಬ್ ಟಿವಿಯ ಮುದ್ರಣ ಮತ್ತು ಲಿಖಿತ ನಡಾವಳಿ ಇವೆರಡರ ನಡುವಿನ ವ್ಯತ್ಯಾಸವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಮಂಡಳಿಯ ಅಧ್ಯಕ್ಷತೆ ತಿಂಗಳಿಗೊಂದು ದೇಶಕ್ಕೆ ಸರದಿಯ ಮೇಲೆ ಬರುತ್ತದೆ; ಆ ಫೆಬ್ರವರಿಯಲ್ಲಿ ಅದು ರಷ್ಯಾದ್ದಾಗಿತ್ತು. ಬೆದರಿಕೆ ಹಾಕಿದ ದೇಶದ ರಾಯಭಾರಿಯೇ ಸಭೆ ನಡೆಸುತ್ತಿದ್ದಾರೆ, ಬೆದರಿಕೆಗೆ ಒಳಗಾದ ದೇಶದ ರಾಯಭಾರಿ ಸೆರ್ಹಿ ಕಿಸ್ಲಿತ್ಸ್ಯಾ ಅದೇ ಮೇಜಿನ ಸುತ್ತ ತಮ್ಮ ಸರದಿಗೆ ಕಾಯುತ್ತಿದ್ದಾರೆ. ಸೇನೆಯನ್ನು ತಡೆಯಿರಿ, ಶಾಂತಿಗೆ ಅವಕಾಶ ಕೊಡಿ ಎಂದು ಮಹಾ ಪ್ರಧಾನ ಕಾರ್ಯದರ್ಶಿ ಆಂಟೋನಿಯೊ ಗುಟೆರಸ್ ಆರಂಭದಲ್ಲಿಯೇ ಅಧ್ಯಕ್ಷ ಪುಟಿನ್ ಅವರನ್ನು ಬೇಡಿಕೊಳ್ಳುತ್ತಾರೆ. ಸಭೆ ನಡೆಯುತ್ತಿರುವಂತೆಯೇ ಮಾಸ್ಕೋದಲ್ಲಿ ಪುಟಿನ್ ‘ವಿಶೇಷ ಸೇನಾ ಕಾರ್ಯಾಚರಣೆ’ ಘೋಷಿಸುತ್ತಾರೆ. ಆ ಕ್ಷಣದವರೆಗೆ ಬೆದರಿಕೆಯ ಬಗ್ಗೆ ಬರೆದು ತಂದಿದ್ದ ಭಾಷಣಗಳೆಲ್ಲ ಒಮ್ಮೆಗೇ ಹಳಸಿಹೋಗುತ್ತವೆ. ತಾನು ಸಿದ್ಧಪಡಿಸಿಕೊಂಡು ಬಂದದ್ದರಲ್ಲಿ ಬಹುಪಾಲು ಈಗ ನಿಷ್ಪ್ರಯೋಜಕವಾಗಿದೆ ಎಂದು ಕಿಸ್ಲಿತ್ಸ್ಯಾ ಹೇಳುತ್ತಾರೆ. ಅಧ್ಯಕ್ಷ ಪೀಠದಲ್ಲಿರುವವರು ತಮ್ಮ ವಿದೇಶಾಂಗ ಸಚಿವರಿಗೆ ಅಲ್ಲಿಂದಲೇ ಕರೆ ಮಾಡಲಿ ಎಂದು ಒತ್ತಾಯಿಸುತ್ತಾರೆ. ಲಿಖಿತ ನಡಾವಳಿಯಲ್ಲಿ ಈ ಎಲ್ಲ ಮಾತೂ ಅಚ್ಚುಕಟ್ಟಾಗಿ ಇದೆ. ಆದರೆ ಮಾತಿನ ನಡುವಿನ ಮೌನ, ಧ್ವನಿಯ ನಡುಕ, ಮೇಜಿನ ಆಚೀಚೆ ನೆಟ್ಟ ನೋಟಗಳು ವಿಡಿಯೊದಲ್ಲಿ ಮಾತ್ರ ಕಾಣಸಿಗುತ್ತವೆ. ಸಭೆ ಮುಗಿಸಿ ಹೊರಬಂದ ಗುಟೆರಸ್ ಪತ್ರಕರ್ತರ ಮುಂದೆ, ಈಗ ತನ್ನ ಮನವಿಯನ್ನು ಬದಲಿಸಬೇಕಾಗಿದೆ ಎಂದು ಹೇಳಿ, ಸೇನೆಯನ್ನು ರಷ್ಯಾಕ್ಕೆ ವಾಪಸ್ ಕರೆಸಿಕೊಳ್ಳುವಂತೆ ಕೇಳಿದ್ದು ಕೂಡ ವಿಡಿಯೊ ಸಂಗ್ರಹದಲ್ಲಿದೆ. ಅದು ಸಭಾಂಗಣದ ಹೊರಗಿನ ಮಾತಾದ್ದರಿಂದ ಮಂಡಳಿಯ ನಡಾವಳಿಯಲ್ಲಿ ಸಿಗದು. ‘ತಡೆಯಿರಿ’ ಎಂಬಲ್ಲಿಂದ ‘ವಾಪಸ್ ಕರೆಸಿಕೊಳ್ಳಿ’ ಎಂಬಲ್ಲಿಗೆ ಒಂದೇ ರಾತ್ರಿಯಲ್ಲಿ ಕ್ರಿಯಾಪದ ಬದಲಾದುದನ್ನು ಕಂಡ ಮೇಲೆ, ಬೆದರಿಕೆ ಮತ್ತು ದಾಳಿಯ ನಡುವಿನ ಅಂತರ ಎಷ್ಟು ಕಿರಿದು ಎಂಬುದನ್ನು ಯಾರೂ ಬೇರೆಯಾಗಿ ವಿವರಿಸಬೇಕಾಗಿಲ್ಲ.

ಮಂಡಳಿಯಲ್ಲಿ ದಾರಿ ಮುಚ್ಚಿದ ಬಳಿಕದ ಘಟನೆಗಳನ್ನು ಈ ಸೇವೆಯಲ್ಲಿ ಹಿಂಬಾಲಿಸುವುದು ಸುಲಭ. ಫೆಬ್ರವರಿ 27ರಂದು 2623ನೇ ನಿರ್ಣಯದ ಮೂಲಕ ಮಂಡಳಿಯು ಮಹಾಸಭೆಯ ತುರ್ತು ವಿಶೇಷ ಅಧಿವೇಶನವನ್ನು ಕರೆಯಿತು. ಇದಕ್ಕೆ ಆಧಾರ, ವಿಟೊದಿಂದ ಮಂಡಳಿ ಕಟ್ಟಿಹಾಕಿದಂತಾದಾಗ ವಿಷಯವನ್ನು ಮಹಾಸಭೆ ಕೈಗೆತ್ತಿಕೊಳ್ಳಬಹುದು ಎನ್ನುವ, 1950ರ ನವೆಂಬರ್ 3ರ ‘ಶಾಂತಿಗಾಗಿ ಒಗ್ಗಟ್ಟು’ ನಿರ್ಣಯ. ಇದೂ ಕಾರ್ಯವಿಧಾನದ ವಿಷಯವೇ ಆದ್ದರಿಂದ ವಿಟೊಗೆ ಜಾಗವಿರಲಿಲ್ಲ. ಮಾರ್ಚ್ 2ರಂದು ಮಹಾಸಭೆಯಲ್ಲಿ 141 ದೇಶಗಳು ರಷ್ಯಾದ ಆಕ್ರಮಣದ ವಿರುದ್ಧ ಮತ ಹಾಕಿದವು. ರಷ್ಯಾದ ಜೊತೆ ನಿಂತವು ಬೆಲಾರೂಸ್, ಉತ್ತರ ಕೊರಿಯಾ, ಎರಿಟ್ರಿಯಾ ಮತ್ತು ಸಿರಿಯಾ ಮಾತ್ರ. 35 ದೇಶಗಳು ತಟಸ್ಥವಾಗಿ ಉಳಿದವು. ಇವುಗಳ ಮೊತ್ತ 181. ಸದಸ್ಯ ದೇಶಗಳು 193. ಉಳಿದ 12 ದೇಶಗಳ ಮುಂದೆ ಪಟ್ಟಿಯಲ್ಲಿ ಏನೂ ಇಲ್ಲ, ಖಾಲಿ.

ಆ ಖಾಲಿ ಜಾಗಕ್ಕೂ ಅರ್ಥವಿದೆ. ನಮ್ಮ ಸುದ್ದಿಗಳಲ್ಲಿ ‘ಮತದಾನಕ್ಕೆ ಗೈರು’ ಎಂಬ ಒಂದೇ ಮಾತನ್ನು, ಸಭೆಯಲ್ಲಿ ಕುಳಿತೇ ಮತ ಹಾಕದೆ ತಟಸ್ಥವಾಗಿ ಉಳಿದ ದೇಶಕ್ಕೂ ಸಭೆಗೇ ಬಾರದ ದೇಶಕ್ಕೂ ಬಳಸುವ ರೂಢಿಯಿದೆ. ಇವೆರಡೂ ಬೇರೆ ಬೇರೆ. ತಟಸ್ಥವೆಂಬುದು ದಾಖಲಾಗುವ ನಿಲುವು, ಅದಕ್ಕೆ ಮತಫಲಕದಲ್ಲಿ ತನ್ನದೇ ಬಣ್ಣವಿದೆ. ಮತದಾನದಲ್ಲಿ ಭಾಗವಹಿಸದಿರುವುದಕ್ಕೆ ಬಣ್ಣವಿಲ್ಲ. ಅದರ ಹಿಂದೆ ಬೇರೆ ಕಾರಣಗಳೂ ಇರಬಹುದು: ವೆನೆಜುವೆಲಾ ಆಗ ತನ್ನ ವಂತಿಗೆಯನ್ನು ಬಾಕಿ ಉಳಿಸಿಕೊಂಡಿದ್ದರಿಂದ ಸನ್ನದಿನ 19ನೇ ವಿಧಿಯಂತೆ ಮತದ ಹಕ್ಕನ್ನೇ ಕಳೆದುಕೊಂಡಿತ್ತು. ಡಿಜಿಟಲ್ ಗ್ರಂಥಾಲಯದ ಪಟ್ಟಿಯು ಖಾಲಿ ಜಾಗವನ್ನು ಖಾಲಿಯಾಗಿಯೇ ತೋರಿಸುವುದು ಸರಿಯಾದ ಕ್ರಮ. ಆದರೆ ಕಾರಣವನ್ನು ಅದು ಹೇಳುವುದಿಲ್ಲ, ನಾವೇ ಹುಡುಕಬೇಕು.

ಪದಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಈ ಸೇವೆಯಿಂದ ನಾನು ಕಲಿತದ್ದರಲ್ಲಿ ದೊಡ್ಡ ಪಾಲು ಇದೇ. ‘ಗಮನಿಸುತ್ತದೆ’, ‘ಕಳವಳಗೊಂಡಿದೆ’, ‘ತೀವ್ರವಾಗಿ ವಿಷಾದಿಸುತ್ತದೆ’, ‘ಖಂಡಿಸುತ್ತದೆ’ ಎಂಬ ಕ್ರಿಯಾಪದಗಳು ನಿರ್ಣಯಗಳಲ್ಲಿ ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ನಿಂತಿವೆ. ಫೆಬ್ರವರಿ 25ರ ಕರಡಿನಲ್ಲಿ ಹೆಚ್ಚು ದೇಶಗಳ ಒಪ್ಪಿಗೆ ಪಡೆಯುವುದಕ್ಕಾಗಿ ಖಂಡನೆಯ ಪದವನ್ನು ಒಂದು ಮೆಟ್ಟಿಲು ಕೆಳಗಿಳಿಸಲಾಯಿತು. ಮಾರ್ಚ್ 2ರ ನಿರ್ಣಯದಲ್ಲಿಯೂ ಆಕ್ರಮಣದ ಬಗೆಗಿನ ಮುಖ್ಯ ವಾಕ್ಯ ಕಠಿಣಾತಿಕಠಿಣ ಮಾತಿನ ವಿಷಾದವೇ ಹೊರತು ಖಂಡನೆಯಲ್ಲ. ಕನ್ನಡದ ಶೀರ್ಷಿಕೆಗಳಲ್ಲಿ ಇವೆಲ್ಲವೂ ‘ಖಂಡನೆ’ ಎಂದೇ ಬರುವುದರಿಂದ, ಯಾವ ದೇಶ ಎಷ್ಟನೆಯ ಮೆಟ್ಟಿಲಿನಲ್ಲಿ ನಿಂತಿತ್ತು ಎಂಬುದನ್ನು ತಿಳಿಯಲು ಮೂಲ ಪಠ್ಯವನ್ನು ತೆರೆಯದೆ ಗತಿಯಿಲ್ಲ.

ಬಳಕೆಯ ದೃಷ್ಟಿಯಿಂದ ಹೇಳುವುದಾದರೆ, ವೆಬ್ ಟಿವಿಗೆ ಶುಲ್ಕವಿಲ್ಲ. ಮೂಲ ಧ್ವನಿಯಲ್ಲಿಯೂ, ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಾದ ಅರಬ್ಬಿ, ಇಂಗ್ಲಿಷ್, ಚೀನಿ, ಫ್ರೆಂಚ್, ರಷ್ಯನ್ ಮತ್ತು ಸ್ಪ್ಯಾನಿಷ್ ಭಾಷೆಗಳ ಅನುವಾದದಲ್ಲಿಯೂ ಸಭೆಗಳನ್ನು ಕೇಳಬಹುದು. ನಾನು ಸೂಚಿಸುವುದು ಒಂದು ಭಾಷಣವನ್ನು ಎರಡು ಸಲ ಕೇಳುವ ಕ್ರಮ: ಮೊದಲು ಅನುವಾದದಲ್ಲಿ, ಅರ್ಥಕ್ಕಾಗಿ, ಆಮೇಲೆ ಮೂಲ ಧ್ವನಿಯಲ್ಲಿ, ಮಾತಾಡುವವರ ಸ್ವರಕ್ಕಾಗಿ. ದುಭಾಷಿಗಳು ಬಹಳ ಸಮರ್ಥರು, ಆದರೆ ಕಾಯುವುದು ಅವರ ಕಸುಬಿನ ಭಾಗ. ರಷ್ಯನ್ ಭಾಷೆಯ ವಾಕ್ಯವೊಂದು ಇಂಗ್ಲಿಷಿನಲ್ಲಿ ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಎದುರಿಗಿರುವವರ ಮುಖದ ಭಾವ ಬದಲಾಗಿರುತ್ತದೆ. ನಡಾವಳಿಯು ಆರೂ ಭಾಷೆಗಳಲ್ಲಿ ಬರುತ್ತದೆ ಮತ್ತು ಯಾರು ಯಾವ ಭಾಷೆಯಲ್ಲಿ ಮಾತನಾಡಿದರು ಎಂಬುದನ್ನೂ ಗುರುತಿಸುತ್ತದೆ. ಸಭೆಗಳ ಸಾರಾಂಶ ವರದಿ ಮಾತ್ರ ಇಂಗ್ಲಿಷ್ ಮತ್ತು ಫ್ರೆಂಚ್‌ಗೆ ಸೀಮಿತ. ಈ ಸಾರಾಂಶವು ಬೇಗ ಸಿಗುತ್ತದೆಂದು ಅದನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದಲ್ಲ. ಅರ್ಧ ಗಂಟೆಯ ವಾಗ್ವಾದ ಅಲ್ಲಿ ನಾಲ್ಕು ಸಾಲಾಗಿರುತ್ತದೆ.

ಡಿಜಿಟಲ್ ಗ್ರಂಥಾಲಯವನ್ನು ಬಳಸುವುದು ಇಷ್ಟು ಸಲೀಸಲ್ಲ. ಇಲ್ಲಿ ಪ್ರತಿಯೊಂದು ಕಾಗದಕ್ಕೂ ಒಂದು ಸಂಕೇತವಿದೆ: ಭದ್ರತಾ ಮಂಡಳಿಯದಾದರೆ ‘ಎಸ್’, ಮಹಾಸಭೆಯದಾದರೆ ‘ಎ’, ನಡಾವಳಿಯಾದರೆ ‘ಪಿವಿ’. ಸಂಕೇತ ತಿಳಿದವರಿಗೆ ಕ್ಷಣಾರ್ಧದಲ್ಲಿ ದೊರೆಯುವ ಪತ್ರ, ತಿಳಿಯದವರಿಗೆ ಗಂಟೆಗಟ್ಟಲೆ ಹುಡುಕಿದರೂ ಸಿಗದೆ ಹೋಗಬಹುದು. ಆದರೂ ಕಲಿಯುವ ಶ್ರಮಕ್ಕೆ ತಕ್ಕ ಪ್ರತಿಫಲವಿದೆ, ಏಕೆಂದರೆ ದೇಶಗಳು ಮಂಡಳಿಯ ಅಧ್ಯಕ್ಷರಿಗೆ ಬರೆಯುವ ಪತ್ರಗಳೂ ಇಲ್ಲಿ ಇವೆ. ದಾಳಿಯ ದಿನ ರಷ್ಯಾ ಸನ್ನದಿನ 51ನೇ ವಿಧಿಯ ಆತ್ಮರಕ್ಷಣೆಯ ಹಕ್ಕನ್ನು ಮುಂದೊಡ್ಡಿ ಕಳಿಸಿದ ಪತ್ರ ‘ಎಸ್/2022/154’. ಅದರ ಮುಂದಿನ ಸಂಖ್ಯೆ, ‘ಎಸ್/2022/155’, ರಷ್ಯಾ ವಿಟೊ ಮಾಡಿದ ಕರಡು ನಿರ್ಣಯ. ಸಮರ್ಥನೆ ಮತ್ತು ಪ್ರತಿರೋಧ ಪಕ್ಕಪಕ್ಕದ ಸಂಖ್ಯೆಗಳಲ್ಲಿ ಕುಳಿತಿರುವುದನ್ನು ನೋಡುವಾಗ, ಒಂದು ಕಪಾಟಿನ ಮುಂದೆ ನಿಂತಂತೆ ಅನ್ನಿಸುತ್ತದೆ.

ಹಳೆಯ ಮತಗಳನ್ನು ಹುಡುಕಿ ತೆಗೆಯಬಹುದಾದ್ದರಿಂದ ದೇಶಗಳ ನಡತೆಯನ್ನು ಕಾಲದ ಉದ್ದಕ್ಕೂ ಪರೀಕ್ಷಿಸಬಹುದು. 1983ರಲ್ಲಿ ಅಮೆರಿಕವು ಕೆರಿಬಿಯನ್ ದ್ವೀಪ ಗ್ರೆನಡಾದ ಮೇಲೆ ಸೇನೆ ಇಳಿಸಿದಾಗ ಮಂಡಳಿಯಲ್ಲಿ 11 ದೇಶಗಳು ಒಪ್ಪಿದ ಕರಡಿಗೆ ಅಮೆರಿಕ ವಿಟೊ ಹಾಕಿತು. ಮಹಾಸಭೆ ನವೆಂಬರ್ 2ರಂದು 108 ಮತಗಳಿಂದ ಆ ದಾಳಿಗೆ ವಿಷಾದ ವ್ಯಕ್ತಪಡಿಸಿತು, 9 ದೇಶಗಳು ವಿರೋಧಿಸಿದವು, 27 ದೂರ ಉಳಿದವು. ದೇಶದ ಹೆಸರು ಬೇರೆ, ನಡೆದ ಕ್ರಮ ಅದೇ. ಇನ್ನು 2025ರ ಫೆಬ್ರವರಿ 24ರಂದು ಉಕ್ರೇನನ್ನು ಬೆಂಬಲಿಸುವ ನಿರ್ಣಯ ಮಹಾಸಭೆಗೆ ಬಂದಾಗ ಪರವಾಗಿ 93, ವಿರುದ್ಧ 18, ದೂರ ಉಳಿದವು 65. ಆ 18ರಲ್ಲಿ ಅಮೆರಿಕವೂ ಇತ್ತು. 2022ರ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ನಿಜಕ್ಕೂ ನೋವಾಯಿತು. ದಾಳಿಗೆ ತುತ್ತಾದ ದೇಶದ ಸ್ಥಿತಿ ಬದಲಾಗಿರಲಿಲ್ಲ. ಪ್ರತಿಕ್ರಿಯಿಸಿದವರ ಲೆಕ್ಕಾಚಾರ ಬದಲಾಗಿತ್ತು.

ಈ ಸೇವೆಯ ನಿಜವಾದ ಕೊರತೆ ಭಾಷೆಯದೂ ಅಲ್ಲ, ಹುಡುಕಾಟದ್ದೂ ಅಲ್ಲ, ಮುಚ್ಚಿದ ಬಾಗಿಲಿನದು. 2023ರ ಡಿಸೆಂಬರ್ 3ರಂದು ವೆನೆಜುವೆಲಾ, ನೆರೆಯ ಗಯಾನಾದ ನೆಲದಲ್ಲಿ ಸುಮಾರು ಮೂರನೇ ಎರಡರಷ್ಟಿರುವ ಎಸೆಕ್ವಿಬೊ ಪ್ರದೇಶವನ್ನು ತನ್ನದಾಗಿಸಿಕೊಳ್ಳುವ ಕುರಿತು ಜನಮತ ಸಂಗ್ರಹ ನಡೆಸಿತು. ಎಂಟು ಲಕ್ಷದಷ್ಟು ಜನರ ಚಿಕ್ಕ ದೇಶ ಗಯಾನಾ ಭದ್ರತಾ ಮಂಡಳಿಯ ಮೊರೆ ಹೋಯಿತು. ಮಂಡಳಿ ಡಿಸೆಂಬರ್ 8ರಂದು ಸೇರಿತು, ಆದರೆ ಗುಪ್ತವಾಗಿ. ವೆಬ್ ಟಿವಿಯಲ್ಲಿ ಆ ಸಭೆಯ ಒಂದು ದೃಶ್ಯವೂ ಇಲ್ಲ, ಯಾರು ಏನು ಹೇಳಿದರೆಂಬ ನಡಾವಳಿಯೂ ಸಾರ್ವಜನಿಕರಿಗೆ ಸಿಗುವುದಿಲ್ಲ. ಬೆದರಿಕೆ ಬೆದರಿಕೆಯಾಗಿಯೇ ಇರುವಾಗ, ಅಂದರೆ ಮಾತಿಗೆ ಇನ್ನೂ ಬೆಲೆ ಇರುವಾಗ, ದೇಶಗಳು ಇಂಥ ಕೋಣೆಗಳನ್ನೇ ಆರಿಸಿಕೊಳ್ಳುವುದುಂಟು. ಕ್ಯಾಮೆರಾ ಇಲ್ಲದಲ್ಲಿ ಬಿಗಿ ಸಡಿಲಿಸಿ ಮಾತನಾಡಬಹುದು ಎಂಬ ಅವರ ಸಮರ್ಥನೆಯಲ್ಲಿ ಹುರುಳಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಚಿಕ್ಕ ದೇಶದ ಜನರಿಗೆ, ತಮ್ಮ ಪರವಾಗಿ ಯಾರು ದನಿ ಎತ್ತಿದರೆಂದು ತಿಳಿಯುವ ಹಕ್ಕಿಲ್ಲವೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಆ ಪ್ರಕರಣದಲ್ಲಿ ತೆರೆದ ದಾಖಲೆ ಸಿಗುವುದು ಬೇರೆ ಕಡೆ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಡಿಸೆಂಬರ್ 1ರಂದು, ಗಯಾನಾ ಆಡಳಿತ ನಡೆಸುತ್ತಿರುವ ಆ ಪ್ರದೇಶದ ಈಗಿನ ಸ್ಥಿತಿಯನ್ನು ಬದಲಿಸುವ ಯಾವ ಕ್ರಮವನ್ನೂ ವೆನೆಜುವೆಲಾ ಕೈಗೊಳ್ಳಬಾರದು ಎಂದು ಮಧ್ಯಂತರ ಆದೇಶ ನೀಡಿತ್ತು. ಬ್ರೆಜಿಲ್ ತನ್ನ ಉತ್ತರದ ಗಡಿಗೆ ಸೇನೆ ಕಳಿಸಿತು. ಡಿಸೆಂಬರ್ 14ರಂದು ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಎರಡೂ ದೇಶಗಳ ಅಧ್ಯಕ್ಷರು ಮುಖಾಮುಖಿಯಾಗಿ ಕುಳಿತು, ಪರಸ್ಪರ ಬಲಪ್ರಯೋಗ ಮಾಡುವುದಿಲ್ಲ, ಅದರ ಬೆದರಿಕೆಯನ್ನೂ ಹಾಕುವುದಿಲ್ಲ ಎಂಬ ಆರ್ಗೈಲ್ ಘೋಷಣೆಯನ್ನು ಹೊರಡಿಸಿದರು. ಹೀಗೆ ಪ್ರಾದೇಶಿಕ ಸಂಘಟನೆಗಳು ಮತ್ತು ನೆರೆಯವರು ಮಾಡುವ ಕೆಲಸ ವೆಬ್ ಟಿವಿಯ ವ್ಯಾಪ್ತಿಗೆ ಹೊರಗಿನದು. ಅದನ್ನೊಂದೇ ನೋಡುವವರು ನ್ಯೂಯಾರ್ಕ್ ಒಂದೇ ಜಗತ್ತು ಎಂದು ತಪ್ಪು ತಿಳಿಯುವ ಅಪಾಯವಿದೆ.

ಒಂದು ಬದಲಾವಣೆ ಮಾತ್ರ ಈ ಸೇವೆಯ ಉಪಯುಕ್ತತೆಯನ್ನು ಹೆಚ್ಚಿಸಿದೆ. ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶದ ಮುಂದಾಳತ್ವದಲ್ಲಿ 2022ರ ಏಪ್ರಿಲ್ 26ರಂದು ಅಂಗೀಕಾರವಾದ ನಿರ್ಣಯದಂತೆ, ಮಂಡಳಿಯಲ್ಲಿ ವಿಟೊ ಚಲಾವಣೆಯಾದ ಹತ್ತು ಕೆಲಸದ ದಿನಗಳೊಳಗೆ ಆ ವಿಷಯವನ್ನು ಚರ್ಚಿಸಲು ಮಹಾಸಭೆ ಸೇರುತ್ತದೆ. ಹೀಗಾಗಿ ಪ್ರತಿ ವಿಟೊ ನಂತರ ಕ್ಯಾಮೆರಾದ ಮುಂದೆ ಒಂದು ಚರ್ಚೆ ನಡೆಯುತ್ತದೆ, ಚಿಕ್ಕ ದೇಶಗಳ ಪ್ರತಿನಿಧಿಗಳು ದೊಡ್ಡ ದೇಶವನ್ನು ನೇರವಾಗಿ ಪ್ರಶ್ನಿಸುವುದನ್ನು ನಾವು ನೋಡಬಹುದು.

ಪತ್ರಿಕೋದ್ಯಮ, ರಾಜ್ಯಶಾಸ್ತ್ರ ಮತ್ತು ಕಾನೂನಿನ ವಿದ್ಯಾರ್ಥಿಗಳಿಗೆ, ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳಬಲ್ಲ ಯಾವುದೇ ಆಸಕ್ತರಿಗೆ ಈ ಸೇವೆಯನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಮೊದಲ ಸಲ ತೆರೆಯುವವರು ಫೆಬ್ರವರಿ 23ರ ರಾತ್ರಿಯಿಂದ ಆರಂಭಿಸುವುದು ಬೇಡ. ಜನವರಿ 31ರ ಸಭೆಯನ್ನು ನೋಡಿ, ಅದರ ನಡಾವಳಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ದೇಶದ ನಿಲುವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಬಳಿಕ ಫೆಬ್ರವರಿ 17ರ ಸಭೆ, ಆಮೇಲೆ 21ರದು. 23ರ ರಾತ್ರಿಗೆ ಬರುವ ಹೊತ್ತಿಗೆ, ಮೇಜಿನ ಸುತ್ತ ಕುಳಿತ ಪ್ರತಿಯೊಬ್ಬರೂ ಮೊದಲು ಏನು ಹೇಳಿದ್ದರು ಎಂಬುದು ನಿಮ್ಮ ಕೈಯಲ್ಲಿರುವ ಕಾಗದದಲ್ಲಿರುತ್ತದೆ.